ಮೂರನೇ ವಾರದ ಪಶ್ಚಾತ್ತಾಪ: ಮಂಡಿ ಕೀಲು ಬದಲಾಯಿಸಿಕೊಂಡ ಮೇಲಿನ ಒಂದು ವರ್ಷ

"ಯಾಕಾದರೂ ಮಾಡಿಸಿಕೊಂಡೆನೋ" ಎಂಬ ಮಾತು ಮಂಡಿ ಕೀಲು ಬದಲಾಯಿಸಿಕೊಂಡವರ ಬಾಯಲ್ಲಿ ಬರುವುದು ಹೆಚ್ಚಾಗಿ ಮೂರನೇ ವಾರದಲ್ಲಿ. ಆಪರೇಷನ್ ಆದ ಮರುದಿನ ಹಾಗನ್ನುವವರು ಕಡಿಮೆ. ಆಗ ನೋವಿನ ಮದ್ದು ಬಲವಾಗಿರುತ್ತದೆ, ಸುತ್ತ ನರ್ಸ್‌ಗಳಿರುತ್ತಾರೆ, ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಎಲ್ಲರೂ ಭೇಷ್ ಅನ್ನುತ್ತಾರೆ. ಮೂರನೇ ವಾರದ ಹೊತ್ತಿಗೆ ಹೊಲಿಗೆ ಬಿಚ್ಚಿ ಆಗಿರುತ್ತದೆ, ನೋಡಲು ಬರುವವರು ಬಂದು ಹೋಗಿರುತ್ತಾರೆ, ಬಲವಾದ ಮಾತ್ರೆ ನಿಂತಿರುತ್ತದೆ. ಕಾಲು ಮಾತ್ರ ಇನ್ನೂ ಊದಿಕೊಂಡು ಬೆಚ್ಚಗೇ ಇರುತ್ತದೆ. ರಾತ್ರಿ ಎರಡು ಗಂಟೆಗೊಮ್ಮೆ ಎಚ್ಚರ. ಯಾವ ಮಗ್ಗುಲಿಗೆ ತಿರುಗಿದರೂ ನೆಮ್ಮದಿಯಿಲ್ಲ. ಹಳೆಯ ಸವೆತದ ನೋವೇ ವಾಸಿಯಿತ್ತು ಅನಿಸುವುದು ಆಗ.

ಈ ಪಶ್ಚಾತ್ತಾಪ ಸುಳ್ಳಲ್ಲ. ಆದರೆ ಆಪರೇಷನ್ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದಕ್ಕೆ ಅದು ಸಾಕ್ಷಿ ಆಗುವುದಿಲ್ಲ. ಒಂದು ವರ್ಷ ಕಳೆದ ಮೇಲೂ ಉಳಿದ ಪಶ್ಚಾತ್ತಾಪವೇ ಬೇರೆ. ಅದನ್ನು ಕೂತು ಕೇಳಬೇಕು, ಕಾರಣ ಹುಡುಕಬೇಕು. ಇವೆರಡನ್ನು ಒಂದೇ ಎಂದುಕೊಂಡರೆ ಎರಡು ಕಡೆಯೂ ನಷ್ಟ. ಮೂರನೇ ವಾರದಲ್ಲಿ ಎದೆಗುಂದಿ ವ್ಯಾಯಾಮ ಬಿಟ್ಟವರ ಮಂಡಿ ಬಿಗಿದುಹೋಗುತ್ತದೆ. ಹನ್ನೆರಡನೇ ತಿಂಗಳಲ್ಲೂ "ಇನ್ನೂ ಸ್ವಲ್ಪ ದಿನ ನೋಡೋಣ" ಎಂಬ ಸಮಾಧಾನ ಕೇಳಿ ಸುಮ್ಮನಾದವರಲ್ಲಿ ಒಳಗೆ ಅಡಗಿದ ಸೋಂಕು ಪತ್ತೆಯಾಗದೆ ಉಳಿಯುತ್ತದೆ.

ಒಳಗೆ ಏನು ಮಾಡಿರುತ್ತಾರೆ ಎಂಬುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಜನ "ಚಿಪ್ಪು ಬದಲಾಯಿಸಿದರು" ಅನ್ನುತ್ತಾರೆ. ನಿಜವಾಗಿ ಬದಲಾಗುವುದು ಕೀಲಿನ ಮೇಲ್ಮೈ. ಮಂಡಿಯ ಮುಂದೆ ಸುಮಾರು 15ರಿಂದ 20 ಸೆಂ.ಮೀ. ಉದ್ದ ಕೊಯ್ದು, ಚಿಪ್ಪನ್ನು ಪಕ್ಕಕ್ಕೆ ಸರಿಸಿ, ತೊಡೆಮೂಳೆಯ ತುದಿಯಿಂದಲೂ ಕಣಕಾಲಿನ ಮೂಳೆಯ ತಲೆಯಿಂದಲೂ ಹೆಚ್ಚು ಕಡಿಮೆ 8ರಿಂದ 10 ಮಿ.ಮೀ. ದಪ್ಪದ ಪದರ ತೆಗೆಯುತ್ತಾರೆ. ಮೇಲಿನ ಮೂಳೆಗೆ ಕೋಬಾಲ್ಟ್-ಕ್ರೋಮಿಯಂ ಲೋಹದ ಟೊಪ್ಪಿ, ಕೆಳಗಿನದಕ್ಕೆ ಹೆಚ್ಚಾಗಿ ಟೈಟಾನಿಯಂ ತಟ್ಟೆ, ಇವೆರಡರ ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಚಿಪ್ಪಿನ ಹಿಂಬದಿಗೆ ಸಣ್ಣ ಪ್ಲಾಸ್ಟಿಕ್ ಗುಂಡಿ ಕೂರಿಸುವುದೂ ಉಂಟು, ಹಾಗೇ ಬಿಡುವುದೂ ಉಂಟು. ಇವನ್ನು ಹಿಡಿದಿಡುವ ಮೂಳೆ ಸಿಮೆಂಟ್ ಆಪರೇಷನ್ ಟೇಬಲ್ಲಿನ ಮೇಲೆಯೇ ಗಟ್ಟಿಯಾಗುತ್ತದೆ. ಅದಕ್ಕೇ ಅದೇ ದಿನ ಅಥವಾ ಮರುದಿನ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿಸುತ್ತಾರೆ. ನಿಂತರೆ ಕೀಲು ಕಿತ್ತುಬಂದೀತು ಎಂದು ಹೆದರಿ ಮಲಗಿಯೇ ಇರುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ಲೋಹ ಅಂದೇ ಗಟ್ಟಿ. ಸುತ್ತಲಿನ ಮಾಂಸ, ಚರ್ಮ, ನರಗಳಿಗೆ ತಿಂಗಳುಗಳು ಬೇಕು. ನೋವೆಲ್ಲ ಅವುಗಳದ್ದು.

ಮೊದಲ ಮೂರು ದಿನದಲ್ಲಿ ಮೋಸ ಮಾಡುವುದು ನರ್ವ್ ಬ್ಲಾಕ್. ತೊಡೆಯ ನರದ ಸುತ್ತ ಕೊಟ್ಟ ಆ ಇಂಜೆಕ್ಷನ್ ಸುಮಾರು 12ರಿಂದ 24 ಗಂಟೆ ಮಂಡಿಯನ್ನು ಮರಗಟ್ಟಿಸಿಡುತ್ತದೆ. "ನೋವೇ ಇಲ್ಲವಲ್ಲ" ಎಂದು ಮಾತ್ರೆ ಬೇಡ ಅಂದವರು, ಅದರ ಪ್ರಭಾವ ಇಳಿದ ರಾತ್ರಿ ಹಲ್ಲು ಕಚ್ಚಿ ಕೂರುತ್ತಾರೆ. ಒಮ್ಮೆ ಏರಿದ ನೋವನ್ನು ಇಳಿಸುವುದು ಏರದಂತೆ ತಡೆಯುವುದಕ್ಕಿಂತ ಬಹಳ ಕಷ್ಟ. ವೈದ್ಯರು ಬರೆದ ಪ್ಯಾರಾಸಿಟಮಾಲನ್ನು ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ನುಂಗಬೇಕು. ದಿನದ ಒಟ್ಟು ಪ್ರಮಾಣ 4 ಗ್ರಾಂ ದಾಟಬಾರದು, ತೂಕ ಕಡಿಮೆ ಇರುವವರಿಗೆ ಮತ್ತು ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತಲೂ ಕಡಿಮೆ. ಉರಿಯೂತ ಇಳಿಸುವ ಮಾತ್ರೆಗಳು ಕಿಡ್ನಿ ಸರಿಯಿಲ್ಲದವರಿಗೂ ಹೊಟ್ಟೆಯಲ್ಲಿ ಹುಣ್ಣಾದವರಿಗೂ ಹಿಡಿಸುವುದಿಲ್ಲ, ಮೊದಲೇ ಹೇಳಬೇಕು. ಅಫೀಮು ಜಾತಿಯ ಮಾತ್ರೆ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು. ನಾಲ್ಕು ದಿನ ಕಟ್ಟಿಕೊಂಡ ಮೇಲೆ ಪಡುವ ಪಾಡು ಮಂಡಿ ನೋವನ್ನೇ ಮರೆಸುತ್ತದೆ. ಬೆನ್ನಿಗೆ ಅರಿವಳಿಕೆ ಕೊಟ್ಟ ಮೇಲೆ ಮೂತ್ರ ಕಟ್ಟುವುದೂ ಇದೆ, ಪ್ರಾಸ್ಟೇಟ್ ದಪ್ಪಗಾದ ಗಂಡಸರಲ್ಲಿ ಹೆಚ್ಚು. ಆರೇಳು ಗಂಟೆಯಾದರೂ ಹೋಗದಿದ್ದರೆ ಸಂಕೋಚ ಪಡದೆ ನರ್ಸ್‌ಗೆ ಹೇಳಿ.

ಇನ್ನು ತೊಡೆಯ ಸ್ನಾಯು. ಇದನ್ನು ಹತ್ತಿರದಿಂದ ನೋಡದವರಿಗೆ ಚೇತರಿಕೆ ಅರ್ಥವಾಗುವುದಿಲ್ಲ. ಆಪರೇಷನ್ನಿನ ಮರುದಿನ ರೋಗಿಯನ್ನು ಮಲಗಿಸಿ "ತೊಡೆ ಬಿಗಿ ಮಾಡಿ, ಮಂಡಿಯನ್ನು ಹಾಸಿಗೆಗೆ ಒತ್ತಿ" ಎನ್ನುತ್ತೇವೆ. ರೋಗಿ ಮುಖ ಬಿಗಿಯುತ್ತಾರೆ, ಹೊಟ್ಟೆ ಬಿಗಿಯುತ್ತಾರೆ, ಇನ್ನೊಂದು ಕಾಲೂ ಬಿಗಿಯುತ್ತದೆ. ಆಪರೇಷನ್ ಆದ ತೊಡೆ ಅಲ್ಲಾಡುವುದೇ ಇಲ್ಲ. ಚಿಪ್ಪಿನ ಮೇಲಂಚಿನಲ್ಲಿ ಬೆರಳಿಟ್ಟರೆ ಸಣ್ಣ ನಡುಕವೂ ಸಿಗುವುದಿಲ್ಲ. ನರ ತುಂಡಾಗಿಲ್ಲ, ಸ್ನಾಯು ಸತ್ತಿಲ್ಲ. ಕೀಲಿನೊಳಗೆ ನೀರು ತುಂಬಿ ಊದಿಕೊಂಡಾಗ ದೇಹವೇ ಆ ಸ್ನಾಯುವಿನ ಸ್ವಿಚ್ ಆರಿಸಿಬಿಡುತ್ತದೆ. ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಬಲ ಅರ್ಧಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಮೂರನೇ ವಾರದಲ್ಲಿ ಮಂಡಿ ಥಟ್ಟನೆ ಮಡಚಿಕೊಂಡು ಬೀಳುವ ಹಾಗಾಗುವುದು ಇದರಿಂದಲೇ. ಕೀಲು ಸಡಿಲವಾಯಿತೇನೋ ಎಂದು ರೋಗಿ ಗಾಬರಿಯಾಗುತ್ತಾರೆ.

ಮದ್ದು ಎರಡು. ಊತ ಇಳಿಸುವುದು: ಬಟ್ಟೆ ಸುತ್ತಿದ ಐಸ್ ಪ್ಯಾಕ್ 15ರಿಂದ 20 ನಿಮಿಷ, ದಿನಕ್ಕೆ ನಾಲ್ಕೈದು ಸಲ, ಕಾಲು ಎದೆಗಿಂತ ಎತ್ತರದಲ್ಲಿಟ್ಟು. ಸ್ವಿಚ್ ಹಾಕುವುದು: ಮಂಡಿಯನ್ನು ಹಾಸಿಗೆಗೆ ಒತ್ತಿ 5 ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ, ಎಚ್ಚರವಿರುವಾಗ ಗಂಟೆಗೊಮ್ಮೆ. ಏನೂ ಆಗುತ್ತಿಲ್ಲ ಅನಿಸಿದರೂ ಬಿಡಬಾರದು. ಒಂದು ದಿನ ಬೆರಳ ತುದಿಗೆ ಚಿಪ್ಪು ಕೂದಲೆಳೆಯಷ್ಟು ಮೇಲಕ್ಕೆ ಸರಿದದ್ದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ದಾರಿ ತಿಳಿಯಾಗುತ್ತದೆ. ಕಾಲನ್ನು ನೇರವಾಗಿಟ್ಟು ಎತ್ತುವುದು ಆಮೇಲಿನ ಮಾತು. ಎತ್ತುವಾಗ ಮಂಡಿ ಸ್ವಲ್ಪ ಬಾಗಿಯೇ ಮೇಲೇಳುತ್ತಿದ್ದರೆ ಸ್ನಾಯು ಇನ್ನೂ ಸಾಲದು ಎಂದರ್ಥ. ಅಷ್ಟರವರೆಗೆ ವಾಕರ್ ಬಿಡಬಾರದು.

ಮಡಚುವುದರ ಬಗ್ಗೆ ಎಲ್ಲರೂ ಕೇಳುತ್ತಾರೆ, "ಎಷ್ಟು ಡಿಗ್ರಿ ಬಂತು?" ಎಂದು. ಚಾಚುವುದನ್ನು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಚೇತರಿಕೆಯಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗಿರುವುದು ಇದೇ. ಮಂಡಿ ಪೂರ್ತಿ ನೇರ ಬರದೆ ಹತ್ತು ಡಿಗ್ರಿ ಬಾಗಿ ನಿಂತರೆ ಆ ಕಾಲು ಗಿಡ್ಡವಾದಂತೆ ನಡೆಯಬೇಕಾಗುತ್ತದೆ, ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯಬೇಕಾಗುತ್ತದೆ, ಸೊಂಟ ನೋಯತೊಡಗುತ್ತದೆ. ಇದಕ್ಕೆ ಕಾರಣವಾಗುವುದು ಪ್ರೀತಿಯಿಂದ ಇಟ್ಟ ಒಂದು ದಿಂಬು. ಮಂಡಿ ಅರೆ ಬಾಗಿದಾಗ ಕೀಲಿನೊಳಗೆ ಒತ್ತಡ ಕಡಿಮೆ, ನೋವೂ ಕಡಿಮೆ. ಅದಕ್ಕೇ ಮನೆಯವರು ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಡುತ್ತಾರೆ, ರೋಗಿ ಹಾಯಾಗಿ ಮಲಗುತ್ತಾರೆ. ಹೀಗೆ ಮೂರು ವಾರ ಕಳೆದರೆ ಮಂಡಿಯ ಹಿಂದಿನ ಪೊರೆ ಆ ಬಾಗಿದ ಸ್ಥಿತಿಯಲ್ಲೇ ಕುಗ್ಗಿ ಕೂರುತ್ತದೆ.

ದಿಂಬು ಬೇಕಾದರೆ ಹಿಮ್ಮಡಿಯ ಕೆಳಗಿಡಿ. ಟವೆಲನ್ನು ಸುರುಳಿ ಸುತ್ತಿ ಹಿಮ್ಮಡಿಗೆ ಕೊಟ್ಟು, ಮಂಡಿಯ ಹಿಂಭಾಗಕ್ಕೆ ಏನೂ ತಾಗದಂತೆ ಕಾಲನ್ನು ತೂಗಬಿಟ್ಟರೆ ಅದರ ತೂಕಕ್ಕೇ ಅದು ನಿಧಾನವಾಗಿ ಇಳಿಯುತ್ತದೆ. 10 ನಿಮಿಷ, ದಿನಕ್ಕೆ ಮೂರು ಸಲ. ಎಂಟನೇ ನಿಮಿಷದ ಹೊತ್ತಿಗೆ ಮಂಡಿಯ ಹಿಂದೆ ಎಳೆತ ಜೋರಾಗಿ, ತೆಗೆದುಬಿಡೋಣ ಅನಿಸುತ್ತದೆ; ಕೆಲಸ ನಡೆಯುವುದೇ ಆ ಕೊನೆಯ ನಿಮಿಷಗಳಲ್ಲಿ. ಅಳತೆಗೆ ಯಂತ್ರ ಬೇಕಿಲ್ಲ: ಗಟ್ಟಿ ನೆಲದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಹಿಂಭಾಗಕ್ಕೂ ನೆಲಕ್ಕೂ ನಡುವೆ ಎಷ್ಟು ಬೆರಳು ತೂರುತ್ತವೆ ನೋಡಿ, ಇನ್ನೊಂದು ಕಾಲಿನೊಂದಿಗೆ ಹೋಲಿಸಿ. ಆ ಅಂತರ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿರಬೇಕು. ನೆಲಕ್ಕೆ ಇಳಿಯಲು ಆಗದ ದಿನಗಳಲ್ಲಿ ಗಟ್ಟಿ ಹಾಸಿಗೆಯೂ ಸಾಕು.

ಮಡಚುವುದಕ್ಕೆ ಸಾಮಾನ್ಯ ಗುರಿ ಎರಡು ವಾರಕ್ಕೆ 90 ಡಿಗ್ರಿಯ ಆಸುಪಾಸು, ಮೂರು ತಿಂಗಳಿಗೆ 110ರಿಂದ 120. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 65 ಡಿಗ್ರಿ ಸಾಕು. ಮೆಟ್ಟಿಲಿಗೆ 90ರ ಹತ್ತಿರ ಬೇಕು. ತಗ್ಗಾದ ಕುರ್ಚಿಯಿಂದ ಕೈಯೂರದೆ ಏಳಲು ನೂರರ ಮೇಲೆ. ಕುಕ್ಕರಗಾಲಲ್ಲಿ ಕೂರಲು 130ಕ್ಕೂ ಮಿಕ್ಕಿ ಬೇಕಾಗುವುದರಿಂದ ಹೆಚ್ಚಿನವರಿಗೆ ಅದು ದಕ್ಕುವುದಿಲ್ಲ. ಆಪರೇಷನ್ನಿಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತೋ, ಆಮೇಲೆ ಎಷ್ಟು ಮಡಚೀತು ಎಂಬುದಕ್ಕೆ ಅದೇ ಒಳ್ಳೆಯ ಸೂಚನೆ. ವರ್ಷಗಟ್ಟಲೆ 80 ಡಿಗ್ರಿಯಲ್ಲಿ ಬಿಗಿದುಕೊಂಡಿದ್ದ ಮಂಡಿಗೆ 130ರ ಆಸೆ ತೋರಿಸಿದ್ದರೆ ಪಶ್ಚಾತ್ತಾಪದ ಬೀಜ ಅಂದೇ ಬಿತ್ತಿದಂತೆ.

ಆರರಿಂದ ಹನ್ನೆರಡು ವಾರದೊಳಗೂ 90 ತಲುಪದಿದ್ದರೆ, ಅರಿವಳಿಕೆ ಕೊಟ್ಟು ಸರ್ಜನ್ ಕೈಯಿಂದಲೇ ಮಂಡಿಯನ್ನು ಮಡಚಿ ಒಳಗಿನ ಗಾಯದ ಎಳೆಗಳನ್ನು ಬಿಡಿಸುವ ಕ್ರಮವಿದೆ. ತಡ ಮಾಡಿದಷ್ಟೂ ಆ ಎಳೆಗಳು ನಾರಿನಂತೆ ಗಟ್ಟಿಯಾಗಿ ಇದರ ಫಲ ಕಡಿಮೆಯಾಗುತ್ತದೆ. ಹಾಗಾಗಿ ಆರನೇ ವಾರದ ಭೇಟಿಯನ್ನು ತಪ್ಪಿಸಬೇಡಿ, "ಆಮೇಲೆ ನೋಡೋಣ" ಎಂದು ಮುಂದೂಡಲೂ ಬೇಡಿ.

ಮೂರನೇ ವಾರದಲ್ಲಿ ಕಾಣುವ ಇನ್ನೊಂದು ತಪ್ಪು ಅತಿಯಾಗಿ ಮಾಡುವುದು. ಒಂದು ದಿನ ಹುರುಪು ಬಂತೆಂದು ಅರ್ಧ ಗಂಟೆ ನಡೆದು, ಮೆಟ್ಟಿಲು ಹತ್ತಿ, ವ್ಯಾಯಾಮವನ್ನೂ ಎರಡರಷ್ಟು ಮಾಡಿದರೆ ಮರುದಿನ ಮಂಡಿ ಕುಂಬಳಕಾಯಿಯಾಗುತ್ತದೆ, ತೊಡೆಯ ಸ್ವಿಚ್ ಮತ್ತೆ ಆರುತ್ತದೆ, ಎರಡು ದಿನ ಹಾಸಿಗೆ. ಆಗ ಮತ್ತೆ "ಯಾಕಾದರೂ" ಶುರು. ಲೆಕ್ಕ ಇಡಬೇಕಾದ್ದು ಮರುದಿನ ಬೆಳಗಿನ ಊತ. ಚಿಪ್ಪಿನ ನಡುಭಾಗದಲ್ಲಿ ಟೇಪ್ ಸುತ್ತಿ ದಿನಾ ಅದೇ ಹೊತ್ತಿಗೆ ಅಳೆದು ಬರೆದಿಡಿ. ನಿನ್ನೆಗಿಂತ ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು, ಇಂದು ನಡಿಗೆ ಅರ್ಧಕ್ಕಿಳಿಸಿ. ಚಾಚುವ ವ್ಯಾಯಾಮವನ್ನು ಮಾತ್ರ ಬಿಡಬೇಡಿ.

ವಾಕರಿನ ಎತ್ತರ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ವಾಕರ್ ಬಿಟ್ಟು ಕೋಲು ಹಿಡಿಯುವಾಗ ಆಪರೇಷನ್ ಆಗದ ಕಡೆಯ ಕೈಯಲ್ಲಿ ಹಿಡಿಯಬೇಕು. ನೋವಿರುವ ಕಡೆಯೇ ಹಿಡಿದರೆ ಮೈ ಆ ಕಡೆಗೇ ವಾಲಿ ಭಾರ ಹೆಚ್ಚುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಈಗ ರೋಗಿಗಳನ್ನು ಹೆದರಿಸುವ, ಆದರೆ ಹೆದರಬೇಕಿಲ್ಲದ ಕೆಲವನ್ನು ಹೇಳಬೇಕು. ಗಾಯದ ಹೊರಮಗ್ಗುಲಿನಲ್ಲಿ ಅಂಗೈಯಗಲ ಜಾಗ ಮರಗಟ್ಟಿರುತ್ತದೆ. ಚರ್ಮದ ಒಂದು ಸಣ್ಣ ನರ ಆ ಕೊಯ್ತದ ಅಡ್ಡಕ್ಕೇ ಹಾದುಹೋಗುವುದರಿಂದ ಅದನ್ನು ಉಳಿಸುವುದು ಕಷ್ಟ. ಆ ಜಾಗ ತಿಂಗಳುಗಳಲ್ಲಿ ಕಿರಿದಾಗುತ್ತದೆ, ಒಂದಿಷ್ಟು ಶಾಶ್ವತವಾಗಿ ಉಳಿಯುತ್ತದೆ. ನಡೆಯುವಾಗ ಟಕ್ ಟಕ್ ಸದ್ದು ಬರುವುದು ಲೋಹ ಪ್ಲಾಸ್ಟಿಕ್ಕಿಗೆ ತಾಗುವುದರಿಂದ. ನೋವಿಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ. ಮಂಡಿ ಇನ್ನೊಂದಕ್ಕಿಂತ ಬೆಚ್ಚಗಿರುವುದು ಆರು ತಿಂಗಳವರೆಗೂ ಇರಬಹುದು. ತೊಡೆಯಿಂದ ಪಾದದವರೆಗೆ ಕಪ್ಪು-ನೀಲಿ ಕಂದುವುದು ಒಳಗಿನ ರಕ್ತ ತಗ್ಗಿಗೆ ಇಳಿಯುವುದರಿಂದ. ಬಿಲ್ಲಿನಂತೆ ಬಾಗಿದ್ದ ಕಾಲು ನೇರವಾದಾಗ ಆ ಕಾಲೇ ಉದ್ದವಾಯಿತು ಅನಿಸುತ್ತದೆ. ಕೆಲವು ವಾರಗಳಲ್ಲಿ ಸೊಂಟ ಹೊಂದಿಕೊಳ್ಳುತ್ತದೆ. ಇವನ್ನೆಲ್ಲ ಆಪರೇಷನ್ನಿಗೆ ಮುಂಚೆ ಯಾರೂ ಹೇಳದೆ ಹೋದರೆ ಪ್ರತಿಯೊಂದೂ "ಏನೋ ತಪ್ಪಾಗಿದೆ" ಎಂಬ ಅನುಮಾನಕ್ಕೆ ದಾರಿಯಾಗುತ್ತದೆ.

ತಡ ಮಾಡಬಾರದ್ದು ಬೇರೆ. ಗಾಯದಿಂದ ಒಂದು ವಾರದ ಮೇಲೂ ನೀರು ಒಸರುತ್ತಿದ್ದರೆ, ಒಣಗಿದ್ದ ಗಾಯ ಮತ್ತೆ ಒಸರಿದರೆ, ಕೆಂಪು ದಿನೇದಿನೇ ಹರಡುತ್ತಿದ್ದರೆ, ಜ್ವರದೊಂದಿಗೆ ನೋವು ಏರಿದರೆ ಆಪರೇಷನ್ ಮಾಡಿದ ಸರ್ಜನ್ನನ್ನೇ ಅಂದೇ ಕಾಣಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕಿದೆ: ಗಾಯ ಕೆಂಪಾಯಿತೆಂದು ಯಾರೋ ಕೊಟ್ಟ ಆಂಟಿಬಯಾಟಿಕ್ ಮಾತ್ರೆ ನುಂಗಬೇಡಿ. ಲೋಹದ ಮೇಲೆ ಕೂತ ಕೀಟಾಣುವನ್ನು ಮಾತ್ರೆ ಕೊಲ್ಲಲಾರದು, ಪರೀಕ್ಷೆಯಲ್ಲಿ ಸಿಗದಂತೆ ಮರೆಮಾಚುವುದಷ್ಟೇ. ಮೊದಲ ಕೆಲವು ವಾರದಲ್ಲಿ ಸಿಕ್ಕ ಸೋಂಕನ್ನು ಕೀಲು ತೆರೆದು ತೊಳೆದು, ಪ್ಲಾಸ್ಟಿಕ್ ಬಿಲ್ಲೆ ಬದಲಿಸಿ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ತಡವಾದರೆ ಸಾಮಾನ್ಯವಾಗಿ ಕೀಲನ್ನೇ ತೆಗೆಯಬೇಕಾಗುತ್ತದೆ, ಅನೇಕ ವೇಳೆ ಎರಡು ಆಪರೇಷನ್ನಿನಲ್ಲಿ. ಇನ್ನು ಮೀನಖಂಡ ಗಟ್ಟಿಯಾಗಿ ನೋಯುವುದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಇದ್ದಕ್ಕಿದ್ದಂತೆ ಉಸಿರು ಸಾಲದಾಗುವುದು, ಎದೆ ಚುಚ್ಚುವುದು ಆ ಹೆಪ್ಪು ಶ್ವಾಸಕೋಶಕ್ಕೆ ಹೋದ ಸೂಚನೆ, ನೇರ ತುರ್ತು ಚಿಕಿತ್ಸೆಗೆ. ರಕ್ತ ತೆಳುವಾಗಿಸುವ ಔಷಧಿಯನ್ನು ಎರಡರಿಂದ ಐದು ವಾರ ಬರೆಯುವುದು ಇದಕ್ಕಾಗಿಯೇ. ಮನೆಗೆ ಬಂದ ಮೇಲೆ ಎಲ್ಲರೂ ಮರೆಯುವ ಮಾತ್ರೆಯೂ ಅದೇ. ಬಿದ್ದ ಮೇಲೆ ಕಾಲನ್ನು ನೇರವಾಗಿ ಎತ್ತಲು ಆಗದಿದ್ದರೆ ಚಿಪ್ಪಿನ ಮೇಲಿನ ಅಥವಾ ಕೆಳಗಿನ ಸ್ನಾಯುರಜ್ಜು ಹರಿದಿರಬಹುದು. ಅದೂ ಕಾಯುವ ವಿಷಯವಲ್ಲ.

ನಿದ್ದೆ, ಮನಸ್ಸು. ರಾತ್ರಿಯ ನಿದ್ದೆ ಸರಿಹೋಗಲು ಆರರಿಂದ ಹನ್ನೆರಡು ವಾರ ಹಿಡಿಯಬಹುದು. ನಿದ್ದೆಯಿಲ್ಲದ ಮನಸ್ಸಿಗೆ ನೋವು ದೊಡ್ಡದಾಗಿ ಕಾಣುತ್ತದೆ, ನೋವು ನಿದ್ದೆ ಕೆಡಿಸುತ್ತದೆ. ರಾತ್ರಿಯ ಪ್ಯಾರಾಸಿಟಮಾಲನ್ನು ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುವುದು, ಬಲವಾದ ಮಡಚುವ ವ್ಯಾಯಾಮವನ್ನು ಸಂಜೆಗೇ ಮುಗಿಸುವುದು, ಮಲಗುವ ಮುನ್ನ ಐಸ್ ಇಡುವುದು, ಪಕ್ಕಕ್ಕೆ ಮಲಗುವವರು ಎರಡು ಕಾಲುಗಳ ನಡುವೆ ತೊಡೆಯಿಂದ ಪಾದದವರೆಗೆ ದಿಂಬು ಇಟ್ಟುಕೊಳ್ಳುವುದು, ಇಷ್ಟರಿಂದ ಬಹಳ ಮಂದಿಗೆ ಒಂದೆರಡು ಗಂಟೆ ನಿದ್ದೆ ಹೆಚ್ಚುತ್ತದೆ. ಅಳು ಬರುವುದು, ಊಟ ಸೇರದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು ಈ ವಾರಗಳಲ್ಲಿ ಅಪರೂಪವಲ್ಲ. ಮನೆಯವರು "ಅವರು ಮೂರೇ ವಾರಕ್ಕೆ ಓಡಾಡಿದರಂತೆ, ನಿನಗೇನಾಗಿದೆ" ಎನ್ನುವುದನ್ನು ದಯವಿಟ್ಟು ಬಿಡಬೇಕು. ಆ ಒಂದು ಮಾತು ಮಾಡುವ ಗಾಯ ಹೊಲಿಗೆ ಹಾಕಿದ ಗಾಯಕ್ಕಿಂತ ನಿಧಾನವಾಗಿ ಮಾಯುತ್ತದೆ. ಹೋಲಿಸಬೇಕಾದ್ದು ಆ ರೋಗಿಯ ಹೋದ ವಾರದೊಂದಿಗೆ. ಆರು ವಾರ ದಾಟಿದರೂ ಮಂಕು ಹಿಂಗದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಈಗ ಒಂದು ವರ್ಷದ ಪಶ್ಚಾತ್ತಾಪಕ್ಕೆ ಬರೋಣ. ಈ ಆಪರೇಷನ್ ಕೈಕೊಟ್ಟ ಕಥೆಗಳಿಗಿಂತ ಕೈಹಿಡಿದ ಕಥೆಗಳೇ ಹೆಚ್ಚು. ನೂರು ಕೀಲುಗಳಲ್ಲಿ 80ಕ್ಕೂ ಹೆಚ್ಚು 25 ವರ್ಷ ಬಾಳುತ್ತವೆ. ಆದರೂ ಸುಮಾರು ಐವರಲ್ಲಿ ಒಬ್ಬರು ವರ್ಷದ ನಂತರವೂ ತೃಪ್ತರಲ್ಲ. ಕೆನಡಾದ ಒಂಟಾರಿಯೋದಲ್ಲಿ 1,703 ಮಂದಿಯನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತೃಪ್ತರ ಪ್ರಮಾಣ ಶೇ. 19. ಅತೃಪ್ತಿಗೆ ಎಲ್ಲಕ್ಕಿಂತ ಬಲವಾಗಿ ಹೊಂದಿಕೊಂಡಿದ್ದು ಆಪರೇಷನ್ನಿಗೆ ಮೊದಲಿದ್ದ ನಿರೀಕ್ಷೆ ಈಡೇರದಿರುವುದು. ಅಂಥವರಲ್ಲಿ ಅತೃಪ್ತಿಯ ಸಾಧ್ಯತೆ ಹತ್ತು ಪಟ್ಟಿಗೂ ಮಿಕ್ಕಿತ್ತು. ಇದರರ್ಥ ನೋವು ಮನಸ್ಸಿನದು ಎಂದಲ್ಲ. ಹೇಳಬೇಕಾದ್ದನ್ನು ಹೇಳದೆ ಕೊಯ್ದರೆ, ತಾಂತ್ರಿಕವಾಗಿ ಚೆನ್ನಾದ ಮಂಡಿಯೂ ರೋಗಿಯ ಕಣ್ಣಿನಲ್ಲಿ ಸೋಲಬಹುದು ಎಂದರ್ಥ. ಮಂಡಿಯೂರಿ ಕೂರಲು ಬಹಳ ಮಂದಿಗೆ ಆಗುವುದಿಲ್ಲ. ಕೀಲು ಇದೆ ಎಂಬುದೇ ಮರೆತುಹೋಗುವಷ್ಟು ಸಹಜವಾಗುವುದು ಮಂಡಿಗಿಂತ ಸೊಂಟದ ಕೀಲಿನಲ್ಲಿ ಹೆಚ್ಚು. ಇದನ್ನು ಮೊದಲೇ ಕೇಳಿದವರು ಸಿಕ್ಕಿದ್ದರಲ್ಲಿ ಸುಖ ಕಾಣುತ್ತಾರೆ.

ಇನ್ನೊಂದು ಗುಂಪಿನಲ್ಲಿ ನೋವಿನ ಮೂಲವೇ ಬೇರೆ ಕಡೆ ಇರುತ್ತದೆ. ಸೊಂಟದ ಕೀಲಿನ ಸವೆತ ಮಂಡಿಯಲ್ಲಿ ನೋಯುತ್ತದೆ, ಬೆನ್ನಿನಲ್ಲಿ ಒತ್ತಿದ ನರವೂ ಮಂಡಿಯಲ್ಲಿ ನೋಯುತ್ತದೆ. ಆಪರೇಷನ್ನಿಗೆ ಮುಂಚೆ ಸೊಂಟವನ್ನು ತಿರುಗಿಸಿ ನೋಡಲು ಎರಡು ನಿಮಿಷ ಸಾಕು; ಅದನ್ನು ಮಾಡದೆ ಮಂಡಿಯ ಎಕ್ಸ್‌ರೇ ಒಂದನ್ನೇ ನೋಡಿ ಕೊಯ್ದರೆ ಹಳೆಯ ನೋವು ಹಾಗೇ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಸವೆತ ಅಲ್ಪವಿದ್ದಾಗಲೇ ಮಾಡಿಸಿಕೊಂಡವರಲ್ಲೂ ಅತೃಪ್ತಿ ಹೆಚ್ಚು. ಮೂಳೆಗೆ ಮೂಳೆ ತಾಗುವಷ್ಟು ಸವೆದವರಿಗೆ ಸಿಗುವ ಬಿಡುಗಡೆ ಅವರಿಗೆ ಸಿಗುವುದಿಲ್ಲ. ವರ್ಷಗಟ್ಟಲೆ ನೋವುಂಡು ಮೈಯೆಲ್ಲ ನೋವಿಗೆ ಸೂಕ್ಷ್ಮವಾದವರದ್ದು ಮತ್ತೊಂದು ಕಷ್ಟ: ಕೀಲು ಬದಲಾದರೂ ನರವ್ಯೂಹ ಹಳೆಯ ಜೋರಿನಲ್ಲೇ ಕೂಗುತ್ತಿರುತ್ತದೆ.

ಉಳಿದವರಲ್ಲಿ ಕೀಲಿನದೇ ದೋಷವಿರಬಹುದು: ಸೋಂಕು, ಸಡಿಲಿಕೆ, ಅಕ್ಕಪಕ್ಕ ವಾಲುವುದು, ಚಿಪ್ಪು ಸರಿಯಾದ ಹಳಿಯಲ್ಲಿ ಜಾರದಿರುವುದು, ಲೋಹದ ಭಾಗ ತಿರುಚಿ ಕೂತಿರುವುದು, ಬಿಗಿತ. ಇದನ್ನು ಬಿಡಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, "ನೋವಿಲ್ಲದ ಒಂದು ತಿಂಗಳು ಎಂದಾದರೂ ಇತ್ತೇ?" ಶುರುವಿನಿಂದಲೂ ಬಿಡದ ನೋವು ಸೋಂಕನ್ನೋ ಬೇರೆ ಮೂಲವನ್ನೋ ತೋರಿಸುತ್ತದೆ, ನಡುವೆ ಚೆನ್ನಾಗಿದ್ದು ಆಮೇಲೆ ಬಂದದ್ದು ಸಡಿಲಿಕೆಯನ್ನೋ ತಡವಾಗಿ ಸೇರಿದ ಸೋಂಕನ್ನೋ. ಹೆಜ್ಜೆ ಇಟ್ಟ ಕೂಡಲೇ ನೋಯುವುದು ಸಡಿಲಿಕೆಯ ಗುಣ, ಮಲಗಿದಾಗಲೂ ನೋಯುವುದು ಸೋಂಕಿನ ಗುಣ. ಆಪರೇಷನ್ ಆದ ಎರಡು ಮೂರು ದಿನದಲ್ಲಿ ಏರುವ, ಮೈಯೊಳಗಿನ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆಯ ಅಂಕಿ ಕೆಲವು ವಾರದಲ್ಲಿ ಇಳಿಯಬೇಕು. ವರ್ಷದ ಮೇಲೂ, ಬೇರೆ ಕಾರಣವಿಲ್ಲದೆ, ಮೇಲೆ ನಿಂತಿದ್ದರೆ ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು ನೋಡಲೇಬೇಕು. ಆ ನೀರಿನಲ್ಲಿ ಮೈಕ್ರೋಲೀಟರಿಗೆ ಬಿಳಿರಕ್ತಕಣ 3,000 ದಾಟಿದ್ದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಸೂಜಿ ಹಾಕುವ ಮುಂಚೆ ಎರಡು ವಾರವಾದರೂ ಆಂಟಿಬಯಾಟಿಕ್ ನಿಂತಿರಬೇಕು.

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದರೆ, "ಒಮ್ಮೆ ತೆರೆದು ನೋಡಿಬಿಡೋಣ" ಎಂಬ ಸಲಹೆಗೆ ಒಪ್ಪಬೇಡಿ. ಕಾರಣ ತಿಳಿಯದೆ ಮಾಡಿದ ಮರು ಆಪರೇಷನ್ನಿನಿಂದ ನೋವು ಹೋಗುವುದು ಕಡಿಮೆ, ಮೂಳೆ ಮತ್ತಷ್ಟು ಹೋಗುತ್ತದೆ. ಬೇರೊಬ್ಬ ಸರ್ಜನ್ನನ್ನು ಕಾಣಿ, ಹಳೆಯ ಎಕ್ಸ್‌ರೇಗಳನ್ನು ಮೊದಲಿನಿಂದ ಕೊನೆಯವರೆಗೆ ಜೋಡಿಸಿಕೊಂಡು ಹೋಗಿ. ಆಪರೇಷನ್ ಟಿಪ್ಪಣಿ ಮತ್ತು ಕೀಲಿನ ಭಾಗಗಳ ಸ್ಟಿಕ್ಕರ್ ಹಾಳೆಯನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿ ಪಡೆದಿರಬೇಕು. ಯಾವ ತಯಾರಿಕೆ, ಯಾವ ಅಳತೆ ಎಂಬುದು ಮುಂದೆ ಬೇಕಾದಾಗ ಅದಿಲ್ಲದೆ ಪರದಾಡುವವರು ಬಹಳ.

ಇನ್ನೂ ನಿರ್ಧಾರ ಮಾಡದವರು ತಿಳಿಯಬೇಕಾದ್ದು: ಇದು ತುರ್ತು ಆಪರೇಷನ್ ಅಲ್ಲ, ದಿನಾಂಕ ನಿಮ್ಮದು. ಡೆನ್ಮಾರ್ಕಿನಲ್ಲಿ 100 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ನಿನ ಜೊತೆ ವ್ಯಾಯಾಮ, ತೂಕ ಇಳಿಕೆ ಇತ್ಯಾದಿ 12 ವಾರದ ಚಿಕಿತ್ಸೆ ಕೊಟ್ಟರು, ಉಳಿದ ಅರ್ಧಕ್ಕೆ ಆ ಚಿಕಿತ್ಸೆ ಮಾತ್ರ. ಆಪರೇಷನ್ ಆದವರು ಹೆಚ್ಚು ಸುಧಾರಿಸಿದರು, ಗಂಭೀರ ತೊಂದರೆಗಳೂ ಅವರಿಗೇ ಹೆಚ್ಚು. ಬರೀ ಚಿಕಿತ್ಸೆಯ ಗುಂಪಿನಲ್ಲಿ ವರ್ಷದೊಳಗೆ ಆಪರೇಷನ್ನಿಗೆ ಹೋದವರು ಶೇ. 26 ಮಾತ್ರ. ಹಾಗಾಗಿ ಮೂರು ತಿಂಗಳು ಶ್ರದ್ಧೆಯಿಂದ ತೊಡೆ ಬಲಪಡಿಸಿ ನೋಡುವುದರಲ್ಲಿ ನಷ್ಟವಿಲ್ಲ. ಆಮೇಲೂ ಆಪರೇಷನ್ ಬೇಕಾದರೆ ಆ ಬಲವೇ ಕೈಹಿಡಿಯುತ್ತದೆ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಮೂರು ತಿಂಗಳು ಕಳೆದಿರದಿದ್ದರೆ ದಿನಾಂಕ ಮುಂದೂಡಿ, ಸೋಂಕಿನ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯವರು ಎಚ್‌ಬಿಎ1ಸಿಯನ್ನು (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಶೇ. 7.5ರ ಹತ್ತಿರ ಇಳಿಸಿಕೊಳ್ಳಬೇಕು. ಸಿಗರೇಟು ನಿಲ್ಲಿಸಿ ನಾಲ್ಕು ವಾರವಾದರೂ ಆಗಿರಬೇಕು. ಕೆಟ್ಟ ಹಲ್ಲು, ಕಾಲಿನ ಹುಣ್ಣು, ಉಗುರುಸುತ್ತು ಇದ್ದರೆ ಮೊದಲು ಅದು ವಾಸಿಯಾಗಲಿ.

ನಿರ್ಧಾರದ ಪಶ್ಚಾತ್ತಾಪ ಅಳೆಯಲು 2003ರಿಂದ ಐದು ವಾಕ್ಯಗಳ ಒಂದು ಮಾಪಕ ಬಳಕೆಯಲ್ಲಿದೆ. ಅದರಲ್ಲೊಂದರ ತಾತ್ಪರ್ಯ, ಮತ್ತೆ ಆಯ್ಕೆ ಮಾಡಬೇಕಾಗಿ ಬಂದರೆ ಇದನ್ನೇ ಮಾಡುವಿರಾ ಎಂಬುದು. ಎರಡೂ ಮಂಡಿ ಸವೆದವರ ಮುಂದೆ ಈ ಪ್ರಶ್ನೆ ಎದುರಿಗೇ ಬಂದು ನಿಲ್ಲುತ್ತದೆ: ಇನ್ನೊಂದು ಮಂಡಿ ಯಾವಾಗ? ಮೂರನೇ ವಾರದಲ್ಲಿ ಕೇಳಿದರೆ "ಜನ್ಮದಲ್ಲಿ ಬೇಡ" ಎನ್ನುತ್ತಾರೆ. ಆಗ ಕೇಳಬೇಡಿ. ಮೂರು ತಿಂಗಳು ಕಳೆಯಲಿ, ಮೊದಲನೆಯ ಮಂಡಿ ಪೂರ್ತಿ ನೇರ ಬರಲಿ, ಕೋಲಿಲ್ಲದೆ ಮೆಟ್ಟಿಲು ಇಳಿಯಲಿ. ಆ ಹೊತ್ತಿಗೆ ಹಳೆಯ ಮಂಡಿಯೇ ಹೆಚ್ಚು ನೋಯುವ ಮಂಡಿಯಾಗಿರುತ್ತದೆ, ದಿನಾಂಕವನ್ನು ರೋಗಿಯೇ ಕೇಳಿಕೊಂಡು ಬರುವುದುಂಟು.